ಜಪಾನಿನಲ್ಲಿ ಡಚ್ಚರು ಮಾತ್ರ ಉಳಿದದ್ದು ಹೇಗೆ?

ಪ್ರಶ್ನೆ: ಹದಿನೇಳನೆಯ ಶತಮಾನದಲ್ಲಿ ಜಪಾನ್ ಯುರೋಪಿನವರನ್ನೆಲ್ಲ ಹೊರಗಟ್ಟಿ ಡಚ್ಚರನ್ನು ಮಾತ್ರ ಉಳಿಸಿಕೊಂಡಿತು ಎಂದು ಓದಿದ್ದೇನೆ. ಅವರಿಗೊಬ್ಬರಿಗೇ ಏಕೆ ಈ ರಿಯಾಯಿತಿ?

ಉತ್ತರ: ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ಎಲ್ಲರನ್ನೂ ಅಟ್ಟಲಿಲ್ಲ; ಇಂಗ್ಲಿಷರು ವ್ಯಾಪಾರ ಗಿಟ್ಟದೆ 1623ರಲ್ಲಿ ತಾವಾಗಿಯೇ ಅಂಗಡಿ ಮುಚ್ಚಿಕೊಂಡು ಹೋದರು. ಅಟ್ಟಿಸಿಕೊಂಡವರು ಸ್ಪೇನಿನವರು ಮತ್ತು ಪೋರ್ಚುಗೀಸರು. ಆ ಇಬ್ಬರ ಹಡಗುಗಳಲ್ಲೂ ಸರಕಿನ ಜೊತೆಗೆ ಕ್ಯಾಥೊಲಿಕ್ ಪಾದ್ರಿಗಳು ಬರುತ್ತಿದ್ದರು ಎಂಬುದೇ ಈ ಕಥೆಯ ತಿರುಳು.

1543ರಲ್ಲಿ ಜಪಾನಿಗೆ ಬಂದ ಪೋರ್ಚುಗೀಸರು ಕ್ರಮೇಣ ಚೀನಾ ತೀರದ ತಮ್ಮ ನೆಲೆಯಾದ ಮಕಾವ್‌ನಿಂದ ಚೀನಾದ ರೇಷ್ಮೆ ತಂದು ಜಪಾನಿನ ಬೆಳ್ಳಿ ಒಯ್ಯುವ ಲಾಭದ ವ್ಯಾಪಾರ ಕಟ್ಟಿಕೊಂಡರು. ಚೀನಾದ ಮಿಂಗ್ ಅರಸರು ಜಪಾನಿನೊಡನೆ ನೇರ ವ್ಯಾಪಾರವನ್ನು ನಿಷೇಧಿಸಿದ್ದರಿಂದ ಈ ಮಧ್ಯವರ್ತಿಗಳ ಅಗತ್ಯ ಜಪಾನಿಗೂ ಇತ್ತು. ಆದರೆ ಕ್ಯೂಶೂ ದ್ವೀಪದ ಪಾಳೆಯಗಾರರಲ್ಲಿ ಕೆಲವರು ಕ್ರೈಸ್ತರಾದರು. ಅವರಲ್ಲೊಬ್ಬನಾದ ಒಮುರಾ ಸುಮಿತಾದ 1580ರಲ್ಲಿ ನಾಗಸಾಕಿಯನ್ನೇ ಕ್ಯಾಥೊಲಿಕ್ ಪಾದ್ರಿಗಳ ಸಂಘವಾದ ಜೆಸ್ಯೂಟರಿಗೆ ಬಿಟ್ಟುಕೊಟ್ಟ. ದಶಕಗಟ್ಟಲೆ ಅಂತಃಕಲಹದ ಬಳಿಕ ದೇಶವನ್ನು ಒಂದುಗೂಡಿಸಿದ ಆಳುವವರಿಗೆ, ದೂರದ ಪೋಪನಿಗೆ ತಲೆಬಾಗುವ ಪ್ರಜೆಗಳು ನಿದ್ದೆಗೆಡಿಸಿದರೆ ಆಶ್ಚರ್ಯವಿಲ್ಲ. 1614ರಲ್ಲಿ ತೊಕುಗಾವಾ ವಂಶದ ಶೋಗನರ (ದೇಶವಾಳುತ್ತಿದ್ದ ಸೇನಾಧಿಪತಿಗಳ) ಸರ್ಕಾರ ದೇಶದಾದ್ಯಂತ ಕ್ರೈಸ್ತ ಧರ್ಮವನ್ನು ನಿಷೇಧಿಸಿತು. 1637ರಲ್ಲಿ ಶಿಮಾಬಾರಾದ ರೈತರು ತೆರಿಗೆಯ ಹೊರೆ ತಾಳಲಾರದೆ ಶಿಲುಬೆಯ ಬಾವುಟ ಹಿಡಿದು ದಂಗೆಯೆದ್ದಾಗ ಆ ಭಯ ಖಚಿತವಾಯಿತು. 1639ರಲ್ಲಿ ಪೋರ್ಚುಗೀಸರಿಗೆ ಬಾಗಿಲು ಮುಚ್ಚಿತು. ಮರುವರ್ಷ ಮನವಿ ಹಿಡಿದು ಬಂದ ಮಕಾವ್‌ನ ನಿಯೋಗದ 61 ಮಂದಿಯ ತಲೆ ಕಡಿಸಿ, ಸುದ್ದಿ ಮುಟ್ಟಿಸಲೆಂದು 13 ಜನರನ್ನು ಮಾತ್ರ ಹಿಂದೆ ಕಳುಹಿಸಲಾಯಿತು.

ಡಚ್ಚರು ಪೋಪನನ್ನು ಒಪ್ಪದ ಪ್ರಾಟೆಸ್ಟೆಂಟರು, ಅವರ ಈಸ್ಟ್ ಇಂಡಿಯಾ ಕಂಪನಿಗೆ ಬೇಕಿದ್ದದ್ದು ಲಾಭವೇ ಹೊರತು ಮತಾಂತರವಲ್ಲ. ಶಿಮಾಬಾರಾದ ದಂಗೆಕೋರರು ಅಡಗಿದ್ದ ಹಾರಾ ಕೋಟೆಯ ಮೇಲೆ ಗುಂಡು ಹಾರಿಸಲು ಸರ್ಕಾರ ಕೇಳಿದಾಗ ತಮ್ಮ ಹಡಗನ್ನೇ ತಂದು ನಿಲ್ಲಿಸಿದರು. ಒಳಗಿದ್ದವರೂ ಕ್ರೈಸ್ತರೇ ಎಂಬುದು ಅವರ ಕೈ ತಡೆಯಲಿಲ್ಲ. ಅವರ ವಿಧೇಯತೆ ಎಷ್ಟರಮಟ್ಟಿನದು ಎಂಬುದು 1640ರಲ್ಲಿ ಇನ್ನೂ ಸ್ಪಷ್ಟವಾಯಿತು. ಹಿರಾಡೊ ಬಂದರಿನಲ್ಲಿ ಅವರು ಆಗಷ್ಟೇ ಕಟ್ಟಿಸಿದ್ದ ಕಲ್ಲಿನ ಉಗ್ರಾಣದ ಮೇಲೆ ಕ್ರಿಸ್ತಶಕದ ಇಸವಿ ಕೆತ್ತಲಾಗಿತ್ತು. ಅದು ಕ್ರಿಸ್ತನ ಹೆಸರಿನ ಕಾಲಗಣನೆ ಎಂಬ ನೆಪದಲ್ಲಿ ಕಟ್ಟಡವನ್ನು ಕೆಡವಲು ಆಜ್ಞೆ ಬಂತು. ಅಲ್ಲಿನ ಡಚ್ಚರ ಮುಖ್ಯಸ್ಥ ಫ್ರಾನ್ಸ್ವಾ ಕ್ಯಾರನ್ ಮರುಮಾತಾಡದೆ ಕೆಡವಿಸಿದ. ವಾದಕ್ಕೆ ನಿಂತಿದ್ದರೆ ಡಚ್ಚರ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು ಎಂದೇ ನನ್ನ ಎಣಿಕೆ.

1641ರಲ್ಲಿ ಅವರನ್ನು ನಾಗಸಾಕಿಯ ದೆಜಿಮಾಕ್ಕೆ ಸಾಗಿಸಲಾಯಿತು. ಸ್ಥಳೀಯ ವರ್ತಕರು ಪೋರ್ಚುಗೀಸರಿಗೆಂದು ಸಮುದ್ರಕ್ಕೆ ಮಣ್ಣು ತುಂಬಿಸಿ ಕಟ್ಟಿಸಿದ್ದ, ನಾಲ್ಕು ಎಕರೆಗೂ ಕಡಿಮೆ ವಿಸ್ತಾರದ, ಬೀಸಣಿಗೆಯಾಕಾರದ ದ್ವೀಪವದು. ಅದಕ್ಕೆ ಡಚ್ಚರು ವರ್ಷವರ್ಷವೂ ಬಾಡಿಗೆ ತೆರಬೇಕಿತ್ತು. ಊರಿಗೆ ಸೇರಿಸಲು ಒಂದೇ ಸೇತುವೆ, ಅಲ್ಲಿ ಕಾವಲು, ಪಕ್ಕದಲ್ಲೊಂದು ಫಲಕ: ಹೆಂಗಸರಲ್ಲಿ ವೇಶ್ಯೆಯರ ಹೊರತು ಯಾರೂ ಒಳಹೋಗಕೂಡದು; ಸನ್ಯಾಸಿಗಳಲ್ಲಿ ಕೋಯಾ ಬೆಟ್ಟದ ಬೌದ್ಧ ಮಠದವರ ಹೊರತು ಯಾರೂ ಹೋಗಕೂಡದು; ಭಿಕ್ಷುಕರಿಗೆ ಪ್ರವೇಶವಿಲ್ಲ; ಡಚ್ಚರು ಕಾರಣವಿಲ್ಲದೆ ಹೊರಬರಕೂಡದು. 1690ರಲ್ಲಿ ವೈದ್ಯನಾಗಿ ಅಲ್ಲಿಗೆ ಬಂದ ಜರ್ಮನ್ ವಿದ್ವಾಂಸ ಎಂಗೆಲ್ಬರ್ಟ್ ಕೆಂಫರ್ ಅದನ್ನು ಸೆರೆಮನೆಯೆಂದೇ ಕರೆದಿದ್ದಾನೆ. ರಿಯಾಯಿತಿ ಎಂಬ ನಿಮ್ಮ ಮಾತು ಅವನ ಕಿವಿಗೆ ಬಿದ್ದಿದ್ದರೆ ನಕ್ಕುಬಿಡುತ್ತಿದ್ದನೇನೋ.

ಆದರೂ ಡಚ್ಚರು ಬಿಟ್ಟುಹೋಗಲಿಲ್ಲ, ಏಕೆಂದರೆ ಮೊದಲು ಬೆಳ್ಳಿ, ಅನಂತರ ತಾಮ್ರ ಅವರನ್ನು ಹಿಡಿದಿಟ್ಟವು. ಜಪಾನಿನ ತಾಮ್ರವನ್ನು ಅವರು ಕೋರಮಂಡಲ ತೀರ, ಬಂಗಾಳ, ಸೂರತ್‌ಗಳಲ್ಲಿ ಮಾರಿದರು. ಭಾರತದ ಹತ್ತಿ ಬಟ್ಟೆ ಅತ್ತ ಹೋಯಿತು. ಮೈಲಾಪುರದ ಸ್ಯಾನ್ ತೋಮೆಯ ಹೆಸರು ಜಪಾನೀ ಭಾಷೆಯಲ್ಲಿ ‘ಸಾಂತೊಮೆ’ ಎಂಬ ಪಟ್ಟೆ ಬಟ್ಟೆಯ ಹೆಸರಾಗಿ ಉಳಿದಿದೆ.

ಡಚ್ಚರು ‘ಮಾತ್ರ’ ಎಂಬುದೂ ಯುರೋಪಿನವರ ಲೆಕ್ಕದಲ್ಲಷ್ಟೇ ಸರಿ. ನಾಗಸಾಕಿಯಲ್ಲಿ ಚೀನೀ ವರ್ತಕರ ವ್ಯಾಪಾರವೇ ದೊಡ್ಡದು. 1715ರ ನಿಯಮ ವರ್ಷಕ್ಕೆ 30 ಚೀನೀ ಹಡಗುಗಳಿಗೆ ಅನುಮತಿ ನೀಡಿದರೆ ಡಚ್ಚರಿಗೆ ಎರಡನ್ನಷ್ಟೇ ಬಿಟ್ಟಿತು. ಇದಲ್ಲದೆ ಅಂಚಿನ ಪಾಳೆಯಪಟ್ಟುಗಳಲ್ಲಿ ತ್ಸುಶಿಮಾದ ಮೂಲಕ ಕೊರಿಯಾ, ಸತ್ಸುಮಾದ ಮೂಲಕ ರ್ಯುಕ್ಯು ದ್ವೀಪಗಳು, ಮತ್ಸುಮಾಯೆಯ ಮೂಲಕ ಉತ್ತರದ ಐನು ಜನರ ಸಂಪರ್ಕವೂ ಇತ್ತು.

ಎರಡೇ ಹಡಗುಗಳಿಗಾಗಿ ಸರ್ಕಾರ ಇಷ್ಟೆಲ್ಲ ಕಾವಲು ಕಾಯ್ದದ್ದಕ್ಕೆ ಸರಕಿನಾಚೆಗೂ ಒಂದು ಕಾರಣವಿತ್ತು. ಪ್ರತಿ ಹಡಗು ಬಂದಾಗಲೂ ಡಚ್ಚರು ಹೊರಗಿನ ಲೋಕದ ಸುದ್ದಿಯನ್ನು ವರದಿಯಾಗಿ ಒಪ್ಪಿಸಬೇಕಿತ್ತು. ಅಲ್ಲಿನ ದುಭಾಷಿಗಳು ಅದನ್ನು ಅನುವಾದಿಸಿ ಶೋಗನರ ನೆಲೆಯಾದ ಎದೊ (ಇಂದಿನ ಟೋಕಿಯೊ) ನಗರಕ್ಕೆ ಕಳುಹಿಸುತ್ತಿದ್ದರು. ಅಮೆರಿಕದ ನೌಕಾಧಿಕಾರಿ ಪೆರಿ 1853ರಲ್ಲಿ ಯುದ್ಧನೌಕೆಗಳೊಡನೆ ಬಂದ ಸಂಗತಿ ಎಲ್ಲರಿಗೂ ಗೊತ್ತು. ಅವನು ಬರಲಿದ್ದಾನೆಂಬ ವರದಿ ದೆಜಿಮಾದಿಂದ ಹಿಂದಿನ ವರ್ಷವೇ ಎದೊ ಮುಟ್ಟಿತ್ತು.