ಕೊಡಬಾರದು, ಕೊಡಬಹುದು

ಆರೋಗ್ಯ ಸಲಹೆಯ ದೂರವಾಣಿ ಸೇವೆಯೊಂದಕ್ಕಾಗಿ ತಯಾರಾಗುತ್ತಿದ್ದ ತಂತ್ರಾಂಶವನ್ನು ಪರೀಕ್ಷಿಸುವ ಹೊಣೆ ಕೆಲವು ವರ್ಷಗಳ ಹಿಂದೆ ನನಗೆ ಬಂದಿತ್ತು. ಆಡಿದ ಕನ್ನಡವನ್ನು ಕೇಳಿ ಅಕ್ಷರಕ್ಕೆ ಇಳಿಸುವುದು ಅದರ ಕೆಲಸ. ಅದು ಇಳಿಸಿದ್ದು ಸರಿಯೇ ಎಂದು ಹೆಡ್‌ಫೋನ್ ಹಾಕಿಕೊಂಡು ಸಾಲು ಸಾಲಾಗಿ ತಾಳೆ ನೋಡುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಎರಡು ಸಾಲುಗಳು ಒಂದರ ಹಿಂದೆ ಒಂದು ಬಂದವು.

ಮೊದಲನೆಯದರಲ್ಲಿ ಕರೆ ಮಾಡಿದವರು ‘ನಾನು ಮನೆಯಲ್ಲಿದ್ದೇನೆ’ ಎಂದಿದ್ದರು. ಯಂತ್ರ ‘ನಾನು ಮನೆಯಲ್ಲಿ ಇದ್ದೇನೆ’ ಎಂದು ಬರೆದಿತ್ತು. ಎರಡನೆಯದರಲ್ಲಿ ನರ್ಸ್ ಒಬ್ಬರು ‘ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಮಗುವಿಗೆ ಕೊಡಬಾರದು’ ಎಂದಿದ್ದರು. ಯಂತ್ರ ಕೊನೆಯ ಪದವನ್ನು ‘ಕೊಡಬಹುದು’ ಎಂದು ಬರೆದಿತ್ತು.

ಇಂಥ ತಂತ್ರಾಂಶಗಳಿಗೆ ಅಂಕ ಕೊಡಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಳತೆಗೋಲಿನ ಹೆಸರು ‘ವರ್ಡ್ ಎರರ್ ರೇಟ್’. ಲೆಕ್ಕ ಸುಲಭ. ಬದಲಾದ, ಬಿಟ್ಟುಹೋದ, ಹೆಚ್ಚಾಗಿ ಸೇರಿದ ಪದಗಳನ್ನೆಲ್ಲ ಕೂಡಿಸಿ, ಮೂಲದಲ್ಲಿ ಎಷ್ಟು ಪದಗಳಿದ್ದವೋ ಅಷ್ಟರಿಂದ ಭಾಗಿಸಬೇಕು. ಮೊದಲ ಸಾಲಿನ ಮೂಲದಲ್ಲಿ ಇದ್ದದ್ದು 2 ಪದ. ಅದರಲ್ಲಿ ಒಂದು ಬದಲಾಗಿದೆ, ಇನ್ನೊಂದು ಹೆಚ್ಚಾಗಿ ಸೇರಿದೆ. ಅಂದರೆ 100% ತಪ್ಪು. ಎರಡನೆಯ ಸಾಲಿನಲ್ಲಿ 6 ಪದಗಳಿವೆ, ತಪ್ಪಿದ್ದು ಒಂದೇ. ಸುಮಾರು 17% ತಪ್ಪು. ಸಂಧಿಯನ್ನು ಬಿಡಿಸಿ ಬರೆದ ನಿರಪಾಯದ ಸಾಲಿಗೆ ಸೊನ್ನೆ ಅಂಕ, ಮಗುವಿನ ಜೀವಕ್ಕೆ ಕುತ್ತು ತರಬಲ್ಲ ಸಾಲಿಗೆ ಒಳ್ಳೆಯ ಅಂಕ! ಆ ದಿನ ನಾನು ಹೆಡ್‌ಫೋನ್ ತೆಗೆದಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಹಿಂದಿನ ತಿಂಗಳುಗಳಲ್ಲಿ ‘ಪರವಾಗಿಲ್ಲ’ ಎಂದು ನಾನೇ ಸಹಿ ಹಾಕಿ ಕಳುಹಿಸಿದ ವರದಿಗಳು ನೆನಪಿಗೆ ಬಂದವು.

ಪದಗಳ ಬದಲು ಅಕ್ಷರಗಳನ್ನು ಎಣಿಸಿದರೆ ಆಗದೇ ಎಂದು ಕೇಳಬಹುದು. ಆ ಕ್ರಮವೂ ಇದೆ, ಅದರಿಂದ ಮೊದಲ ಸಾಲಿಗೆ ನ್ಯಾಯ ಸಿಗುತ್ತದೆ. ಆದರೆ ಎರಡನೆಯದು ಇನ್ನಷ್ಟು ಮರೆಗೆ ಸರಿಯುತ್ತದೆ. ‘ಬಾರದು’ ಮತ್ತು ‘ಬಹುದು’ ಪದಗಳ ನಡುವೆ ಕಂಪ್ಯೂಟರಿನ ಎಣಿಕೆಯಲ್ಲಿ ಇರುವ ವ್ಯತ್ಯಾಸ ಎರಡೇ ಎರಡು ಚಿಹ್ನೆಗಳದ್ದು. ಆಡುವಾಗಲಂತೂ ಎರಡೂ ಪದಗಳು ವಾಕ್ಯದ ತುದಿಯಲ್ಲಿ ಬರುತ್ತವೆ, ಅಲ್ಲಿ ನಮ್ಮೆಲ್ಲರ ದನಿಯೂ ಇಳಿದಿರುತ್ತದೆ. ಮಾಡು, ಬಿಡು ಎಂಬ ತೀರ್ಮಾನವನ್ನು ಕನ್ನಡ ವಾಕ್ಯದ ಕೊನೆಯಲ್ಲಿ ಇಡುತ್ತದೆ. ಉಸಿರು ಕಡಿಮೆಯಾಗುವುದೂ ಅಲ್ಲಿಯೇ.

ಕೃತಕ ಬುದ್ಧಿಮತ್ತೆಯ ನೈತಿಕತೆ ಎಂದೊಡನೆ ಯಂತ್ರಗಳು ಮನುಷ್ಯರನ್ನು ಮೀರಿಸಿದರೆ ಏನು ಗತಿ ಎಂಬಲ್ಲಿಂದ ಚರ್ಚೆ ಆರಂಭವಾಗುತ್ತದೆ. ಆ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನನ್ನ ಕಸುಬು ನನಗೆ ಕಲಿಸಿದ ಮೊದಲ ಪ್ರಶ್ನೆ ಬೇರೆ: ಯಾವ ತಪ್ಪು ದೊಡ್ಡದು ಎಂದು ನಿರ್ಧರಿಸುವವರು ಯಾರು? ಯಾವ ಭಾಷೆಯಲ್ಲಿ ಕುಳಿತು ನಿರ್ಧರಿಸುತ್ತಾರೆ? ಇಂದಿನ ಸಂಶೋಧನೆಯಲ್ಲಿ ನನಗೆ ಮುಖ್ಯವಾಗಿ ಕಾಣುವ ದಾರಿಗಳೆಲ್ಲ ಈ ಪ್ರಶ್ನೆಗೇ ಬಂದು ಸೇರುತ್ತವೆ.

ಅಮೆರಿಕದ ಒಂದು ಅಧ್ಯಯನವನ್ನು ನೋಡಿ. ಆಲಿಸನ್ ಕೋನೆಕೆ ಮತ್ತು ಸಂಗಡಿಗರು 2020ರಲ್ಲಿ ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಕಂಪನಿಗಳ ಧ್ವನಿ ತಂತ್ರಾಂಶಗಳನ್ನು ಪರೀಕ್ಷೆಗೆ ಒಡ್ಡಿದರು. ಬಿಳಿಯರ ಮಾತಿನಲ್ಲಿ ಸರಾಸರಿ 19% ಪದಗಳು ತಪ್ಪಿದರೆ ಕಪ್ಪು ಜನರ ಮಾತಿನಲ್ಲಿ 35% ತಪ್ಪಿದವು. ಎರಡೂ ಸಮುದಾಯದವರು ಆಡಿದ ಅವೇ ಪದಗಳ ತುಣುಕುಗಳನ್ನು ಹೋಲಿಸಿದಾಗಲೂ ಅಂತರ ಉಳಿಯಿತು. ಪದಕೋಶದ ವ್ಯತ್ಯಾಸದಿಂದ ಹೀಗಾಯಿತು ಎನ್ನುವಂತಿರಲಿಲ್ಲ. ಕಪ್ಪು ಜನರ ಉಚ್ಚಾರ ಆ ಯಂತ್ರಗಳ ಕಿವಿಗೆ ಬಿದ್ದಿದ್ದೇ ಕಡಿಮೆ ಇರಬೇಕು ಎಂದರು ಸಂಶೋಧಕರು.

ನಮ್ಮಲ್ಲಿ ಇದೇ ಕಥೆ ಜಿಲ್ಲೆಯಿಂದ ಜಿಲ್ಲೆಗೆ ನಡೆಯುತ್ತದೆ. ಧಾರವಾಡದ ಕಡೆಯ ಹೆಂಗಸೊಬ್ಬರು ಅಪ್ಪನಿಗೆ ‘ಜಡ್ಡು’ ಆಗಿದೆ ಎಂದರೆ ಕಾಯಿಲೆ ಎಂದರ್ಥ. ಹಳೆಯ ಮೈಸೂರಿನ ದನಿಗಳನ್ನೇ ಹೆಚ್ಚು ಕೇಳಿ ಬೆಳೆದ ಯಂತ್ರ ಅದನ್ನು ‘ದುಡ್ಡು’ ಎಂದು ಬರೆದುದನ್ನು ನಾನು ತಿದ್ದಿದ್ದೇನೆ. ಕಾಯಿಲೆ ಹೇಳಿಕೊಳ್ಳಲು ಬಂದವರ ಕಾಯಿಲೆಯೇ ಅಲ್ಲಿ ದಾಖಲಾಗಲಿಲ್ಲ.

ಬಹುಕಾಲ ನಮ್ಮ ಭಾಷೆಗಳ ಧ್ವನಿ ಸಂಗ್ರಹ ನಡೆದದ್ದು ಅಚ್ಚಾದ ವಾಕ್ಯವನ್ನು ಕೈಗೆ ಕೊಟ್ಟು ಓದಿಸುವ ಮೂಲಕ. ಓದಿಸಿದರೆ ಯಾವ ಊರಿನವರೂ ಪುಸ್ತಕದ ಕನ್ನಡವನ್ನೇ ಓದುತ್ತಾರೆ. ಅಡುಗೆಮನೆಯ, ಜಗಲಿಯ ಕನ್ನಡ ಹಾಳೆಯ ಹಿಂದೆಯೇ ಉಳಿದುಬಿಡುತ್ತದೆ. ಈಗ ಈ ಕ್ರಮ ಬದಲಾಗುತ್ತಿರುವುದು ನನಗೆ ನಿಜಕ್ಕೂ ಸಂತೋಷ ಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿನ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ಕೈಗೊಂಡ ‘ವಾಣಿ’ ಯೋಜನೆ ಭಾಷೆಗಳ ಪಟ್ಟಿ ಹಿಡಿದು ಹೊರಡಲಿಲ್ಲ, ಜಿಲ್ಲೆಗಳ ಪಟ್ಟಿ ಹಿಡಿದು ಹೊರಟಿತು. 773 ಜಿಲ್ಲೆಗಳನ್ನು ತಲುಪಬೇಕು ಎಂಬುದು ಅದರ ಗುರಿ. ಜನರಿಗೆ ಒಂದು ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಎನ್ನುತ್ತಾರೆ. ಐಐಟಿ ಮದ್ರಾಸಿನ ಎಐಫಾರ್‌ಭಾರತ್ ತಂಡ 2024ರಲ್ಲಿ 22 ಭಾಷೆಗಳ ‘ಇಂಡಿಕ್‌ವಾಯ್ಸಸ್’ ಸಂಗ್ರಹವನ್ನು ಪ್ರಕಟಿಸಿದಾಗ ಅದರಲ್ಲಿ ಓದಿದ ಮಾತು 9% ಮಾತ್ರ ಇತ್ತು, ಮಿಕ್ಕದ್ದೆಲ್ಲ ತಾವಾಗಿ ಆಡಿದ ಮಾತು ಮತ್ತು ಸಂಭಾಷಣೆ.

ಧ್ವನಿ ಕೊಟ್ಟವರ ಹಕ್ಕಿನ ಮಾತೂ ಇಲ್ಲಿ ಬರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕು ಎನ್ನುತ್ತದೆ. ಕೊಟ್ಟಷ್ಟೇ ಸುಲಭವಾಗಿ ಸಮ್ಮತಿಯನ್ನು ಹಿಂಪಡೆಯುವ ಹಕ್ಕನ್ನೂ ಕೊಡುತ್ತದೆ. ಆದರೆ ಆ ದನಿಯನ್ನು ಕೇಳಿ ಯಂತ್ರ ಆಗಲೇ ಕಲಿತಿದ್ದರೆ? ಕಡತವನ್ನು ಅಳಿಸಬಹುದು, ಕಲಿತದ್ದನ್ನು ಅಳಿಸುವುದು ಹೇಗೆ? ಹಿಟ್ಟಿಗೆ ಕಲಸಿದ ಉಪ್ಪನ್ನು ಮತ್ತೆ ಹೆಕ್ಕಲು ಹೊರಟ ಹಾಗೆ. ಯಂತ್ರಕ್ಕೆ ಮರೆಯುವುದನ್ನು ಕಲಿಸುವ ಈ ಸಂಶೋಧನೆ ಇನ್ನೂ ಎಳೆಯದು. ಅದು ಬಲಿಯುವವರೆಗೆ, ದನಿ ಕೊಡಲು ಬಂದವರಿಗೆ ‘ಹಿಂಪಡೆಯಬಹುದು’ ಎಂದಷ್ಟೇ ಹೇಳಿ ಕಳುಹಿಸಬಾರದು. ಯಾವುದು ಹಿಂದಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಬಿಡಿಸಿ ಹೇಳಬೇಕು.

ಇನ್ನು ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಹಳೆಯ ಧ್ವನಿ ತಂತ್ರಾಂಶ ಕೇಳಿಸದಿದ್ದರೆ ಏನೋ ಒಂದು ಅರ್ಥವಿಲ್ಲದ ಪದವನ್ನು ಬರೆಯುತ್ತಿತ್ತು. ತಪ್ಪು ಎಂದು ನೋಡಿದೊಡನೆ ತಿಳಿಯುತ್ತಿತ್ತು. ಹೊಸ ಪೀಳಿಗೆಯವು ಹಾಗಲ್ಲ. ಮುಂದಿನ ಪದ ಯಾವುದಿರಬಹುದು ಎಂದು ಊಹಿಸುತ್ತಾ ಬರೆಯುವುದರಿಂದ, ಕೇಳಿಸದ ಕಡೆ ಸುಂದರವಾದ, ವ್ಯಾಕರಣ ತಪ್ಪದ ವಾಕ್ಯವನ್ನು ಹೊಸೆದುಬಿಡುತ್ತವೆ. ಕೋನೆಕೆ ಅವರ ಇನ್ನೊಂದು ತಂಡ 2024ರಲ್ಲಿ ಓಪನ್‌ಎಐ ಕಂಪನಿಯ ‘ವಿಸ್ಪರ್’ ಎಂಬ ಧ್ವನಿ ತಂತ್ರಾಂಶವನ್ನು ಪರಿಶೀಲಿಸಿದಾಗ ಸುಮಾರು 1% ತುಣುಕುಗಳಲ್ಲಿ ಯಾರೂ ಆಡದ ಮಾತುಗಳು ಸೇರಿದ್ದವು. ಹಾಗೆ ಸೇರಿದವುಗಳಲ್ಲಿ 38%ರಷ್ಟು ಹಿಂಸೆಯ ವರ್ಣನೆಯಂಥ ಹಾನಿಕರ ಮಾತುಗಳು. ಮೌನ ದೀರ್ಘವಾಗಿದ್ದ ಧ್ವನಿಗಳಲ್ಲಿ ಈ ಕಾಟ ಹೆಚ್ಚು. ಪಾರ್ಶ್ವವಾಯುವಿನಂಥ ಕಾರಣದಿಂದ ಮಾತು ತಡವರಿಸುವ ಅಫೇಸಿಯಾ ರೋಗಿಗಳು ಇದರ ಪೆಟ್ಟು ತಿಂದರು. ಪದ ಸಿಗದೆ ಅವರು ತಡೆದು ನಿಂತ ಗಳಿಗೆಯಲ್ಲಿ ಯಂತ್ರ ಅವರ ಬಾಯಿಗೆ ತನ್ನ ಮಾತು ತುರುಕಿತು. 1% ಸಣ್ಣದಲ್ಲವೇ ಎನ್ನುವವರಿಗೆ ಮತ್ತೆ ನನ್ನ ಎರಡು ಸಾಲುಗಳನ್ನು ತೋರಿಸುತ್ತೇನೆ.

ಇದಕ್ಕೆ ಮದ್ದು ಹುಡುಕುವವರು ಯಂತ್ರ ತನ್ನ ಅನುಮಾನವನ್ನು ಪ್ರಾಮಾಣಿಕವಾಗಿ ಹೇಳುವಂತೆ ಮಾಡಲು ಹೆಣಗುತ್ತಿದ್ದಾರೆ. 90% ಖಚಿತ ಎಂದು ನೂರು ಸಲ ಹೇಳಿದರೆ ಅದರಲ್ಲಿ ಸುಮಾರು ತೊಂಬತ್ತು ಸಲ ಸರಿಯಿರಬೇಕು. ಇಂಥ ಯಂತ್ರಗಳಿಗೆ ಕಲಿಯುವ ಶಕ್ತಿ ಕೊಡುವ ಆಧುನಿಕ ನರಜಾಲಗಳು (ನ್ಯೂರಲ್ ನೆಟ್‌ವರ್ಕ್) ತಮ್ಮ ಯೋಗ್ಯತೆಗಿಂತ ಹೆಚ್ಚು ಖಚಿತವಾಗಿ ಮಾತಾಡುತ್ತವೆ ಎಂದು 2017ರಲ್ಲೇ ಸಂಶೋಧಕರು ತೋರಿಸಿದ್ದರು. ‘ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನಲು ಬಲ್ಲ ಯಂತ್ರ, ಎಲ್ಲಕ್ಕೂ ಉತ್ತರ ಬರೆಯುವ ಯಂತ್ರಕ್ಕಿಂತ ಎಷ್ಟೋ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಮಾರಾಟ ವಿಭಾಗದವರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಆದರೂ ಪಟ್ಟು ಬಿಡಬಾರದು.

ಸುರಕ್ಷತೆಯ ಕಟ್ಟುಪಾಡುಗಳಿಗೂ ಭಾಷೆಯ ಗಡಿ ಇದೆ. 2023ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಓಪನ್‌ಎಐ ಕಂಪನಿಯ ಭಾಷಾ ಮಾದರಿ ಜಿಪಿಟಿ-4ಕ್ಕೆ ಅಪಾಯಕಾರಿ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಅದು ಹೆಚ್ಚೂಕಡಿಮೆ ಪ್ರತಿ ಸಲವೂ ನಿರಾಕರಿಸಿತು. ಅವೇ ಪ್ರಶ್ನೆಗಳನ್ನು ಜುಲು, ಸ್ಕಾಟ್ಸ್ ಗೇಲಿಕ್‌ನಂಥ, ಅಂತರಜಾಲದಲ್ಲಿ ಬರಹ ಕಡಿಮೆಯಿರುವ ಭಾಷೆಗಳಿಗೆ ಅನುವಾದಿಸಿ ಒಂದೊಂದಾಗಿ ಪ್ರಯತ್ನಿಸಿದಾಗ 79% ಪ್ರಶ್ನೆಗಳಲ್ಲಿ ತಡೆ ಮುರಿಯಿತು. ಹೆಬ್ಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದೇ ಬಿಟ್ಟಿದ್ದರು. ಆದ್ದರಿಂದಲೇ ‘ಈ ಮಾದರಿ ಸುರಕ್ಷಿತ’ ಎಂದು ಯಾರಾದರೂ ಹೇಳಿದಾಗ ನಾನು ಕೇಳುವ ಮೊದಲ ಮಾತು: ಕನ್ನಡದಲ್ಲಿ ಪರೀಕ್ಷಿಸಿದಿರಾ? ಪರೀಕ್ಷಿಸಿದವರು ಯಾವ ಊರಿನ ಕನ್ನಡದವರು?

ನಮ್ಮ ತಂಡ ಆ ಮಧ್ಯಾಹ್ನದ ನಂತರ ಒಂದು ಪಟ್ಟಿ ಮಾಡತೊಡಗಿತು. ಒಂದರ ಬದಲು ಇನ್ನೊಂದು ಬಂದರೆ ಜೀವಕ್ಕೆ, ದುಡ್ಡಿಗೆ, ಮಾನಕ್ಕೆ ಏಟು ಬೀಳುವ ಪದಗಳ ಜೋಡಿಗಳ ಪಟ್ಟಿ. ಬಾರದು–ಬಹುದು, ಬೇಕು–ಬೇಡ ಜೋಡಿಗಳನ್ನು ನಾವೇ ಬರೆದೆವು. ಉಳಿದದ್ದು ನಮಗೆ ಹೊಳೆಯಲೇ ಇಲ್ಲ. ಊರ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತು ವರ್ಷ ದುಡಿದಿದ್ದ ನರ್ಸ್ ಒಬ್ಬರನ್ನು ಕರೆದು ಕೂರಿಸಿಕೊಂಡಾಗ ಅವರು ಪೆನ್ನು ತೆಗೆದುಕೊಂಡು ಮೊದಲು ಬರೆದದ್ದು ‘ಇಪ್ಪತ್ತು–ಎಪ್ಪತ್ತು’. ‘ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಪ್ರಮಾಣವನ್ನು ಫೋನಿನಲ್ಲಿ ಹೇಳುವಾಗ ನಾವು ಮನುಷ್ಯರೇ ಎರಡು ಸಲ ಕೇಳುತ್ತೇವೆ, ಸರ್’ ಎಂದರು. ಆಮೇಲೆ ‘ಊಟಕ್ಕೆ ಮುಂಚೆ–ಊಟ ಆದ ಮೇಲೆ’, ‘ನಾಳೆ–ನಾಡಿದ್ದು’ ಬಂದವು.

ಈಗ ನಮ್ಮ ವರದಿಯಲ್ಲಿ ಸರಾಸರಿಯ ಅಂಕದ ಪಕ್ಕದಲ್ಲೇ ಇನ್ನೊಂದು ಕಲಂ ಇದೆ. ಆ ಪಟ್ಟಿಯ ಜೋಡಿಗಳಲ್ಲಿ ಎಷ್ಟು ಸಲ ತಪ್ಪಾಯಿತು, ಯಾವ ಜಿಲ್ಲೆಯ ದನಿಯಲ್ಲಿ ತಪ್ಪಾಯಿತು ಎಂಬುದು ಅಲ್ಲಿ ದಾಖಲಾಗುತ್ತದೆ. ಮೊದಲ ಅಂಕ ತಿಂಗಳಿಂದ ತಿಂಗಳಿಗೆ ಸುಧಾರಿಸುತ್ತಿದೆ. ಎರಡನೆಯ ಕಲಂ ಅಷ್ಟು ಬೇಗ ಜಗ್ಗುತ್ತಿಲ್ಲ, ಹಿನ್ನೆಲೆಯಲ್ಲಿ ಮಗು ಅಳುತ್ತಿದ್ದರೆ, ಬಸ್ ನಿಲ್ದಾಣದಿಂದ ಕರೆ ಬಂದಿದ್ದರೆ ಜಗ್ಗುವುದೇ ಇಲ್ಲ. ಹಾಗಾಗಿ ಔಷಧಿಯ ಹೆಸರಾಗಲಿ ಪ್ರಮಾಣವಾಗಲಿ ಇರುವ ಪ್ರತಿಯೊಂದು ಸಾಲನ್ನೂ ಇವತ್ತಿಗೂ ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕೇಳಿದ ಮೇಲೆಯೇ ಮುಂದಕ್ಕೆ ಕಳುಹಿಸುತ್ತಾರೆ.