ರಬ್ಬರ್ ಪಕ್ಕಕ್ಕಿಟ್ಟು ಒಂದು ಗೆರೆ ಎಳೆಯಿರಿ

ಹೊಸದಾಗಿ ಚಿತ್ರ ಕಲಿಯಲು ಬಂದವರ ಹಾಳೆ ನೋಡಿದರೆ ನನಗೆ ಮೊದಲು ಕಾಣುವುದು ಕೂದಲು. ಒಂದು ಉದ್ದ ಗೆರೆ ಇರಬೇಕಾದ ಕಡೆ ಇಪ್ಪತ್ತು ಗಿಡ್ಡ ಗೆರೆಗಳು, ಒಂದರ ಮೇಲೊಂದು ಬಿದ್ದಿರುತ್ತವೆ. ಪಾಪ, ಹುಷಾರಾಗಿಯೇ ಎಳೆದಿರುತ್ತಾರೆ. ಆ ಹುಷಾರೇ ತೊಂದರೆ. ಚೂರು ಎಳೆಯುವುದು, ನಿಲ್ಲಿಸುವುದು, ಸರಿ ಇದೆಯಾ ಅಂತ ನೋಡುವುದು, ಮತ್ತೆ ಚೂರು ಎಳೆಯುವುದು. ನಿಂತಾಗಲೆಲ್ಲ ಗೆರೆಯ ದಿಕ್ಕು ಸ್ವಲ್ಪ ಬದಲಾಗುತ್ತದೆ.

ಅದಕ್ಕೇ ನನ್ನ ತರಗತಿಯಲ್ಲಿ ಮೊದಲ ವಾರ ರಬ್ಬರ್ ಇಲ್ಲ. ಪೆನ್ಸಿಲ್ಲೂ ಇಲ್ಲ, ಬರೀ ಬಾಲ್‌ಪೆನ್. ಅಳಿಸಲು ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಜನ ಎಳೆಯುವ ಮೊದಲೇ ಯೋಚಿಸುತ್ತಾರೆ. ಯಾವ ಪೆನ್ಸಿಲ್ ಕೊಳ್ಳಬೇಕು ಅನ್ನುವ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ಮುಂದೆ ಬೇಕಾದಾಗ ಮಾಮೂಲಿ ಎಚ್‌ಬಿ ಒಂದು, ಅದಕ್ಕಿಂತ ಮೆತ್ತಗೆ, ಕಪ್ಪಗೆ ಬರೆಯುವ 2ಬಿ ಒಂದು ಸಾಕು.

ಕೆಲಸ ಇಷ್ಟೇ. 10 ಸೆಂಟಿಮೀಟರ್ ದೂರದಲ್ಲಿ ಎರಡು ಚುಕ್ಕಿ ಇಡಿ. ಪೆನ್ನಿನ ಮೊನೆ ಹಾಳೆಗೆ ತಾಗಿಸದೆ, ಗಾಳಿಯಲ್ಲೇ ಎರಡು ಮೂರು ಸಲ ಆ ದಾರಿಯಲ್ಲಿ ಕೈ ಓಡಿಸಿ. ಕೈಗೆ ದಾರಿ ಸಿಕ್ಕಿತು ಅನ್ನಿಸಿದಾಗ ಮೊನೆ ಇಳಿಸಿ, ಒಂದೇ ಉಸಿರಿಗೆ ಎಳೆದುಬಿಡಿ. ಕಣ್ಣು ತಲುಪಬೇಕಾದ ಚುಕ್ಕಿಯ ಮೇಲಿರಲಿ. ಮುಂದಿನ ಚಕ್ರವನ್ನೇ ನೋಡುತ್ತಾ ಸೈಕಲ್ ತುಳಿದರೆ ಏನಾಗುತ್ತದೆ ಗೊತ್ತಲ್ವಾ? ಮೊನೆಯನ್ನೇ ನೋಡುತ್ತಾ ಎಳೆದರೂ ಹಾಗೇ.

ಗೆರೆ ಚುಕ್ಕಿ ದಾಟಿ ಹೋಗುತ್ತದೆ, ಪಕ್ಕಕ್ಕೂ ಹೋಗುತ್ತದೆ. ಹೋಗಲಿ ಬಿಡಿ. ಅದರ ಮೇಲೆ ಇನ್ನೊಂದು ಎಳೆದು ತಿದ್ದಬೇಡಿ. ತಪ್ಪು ಜಾಗಕ್ಕೆ ಸರಾಗವಾಗಿ ಹೋದ ಗೆರೆ ನನಗಿಷ್ಟ, ಸರಿಯಾದ ಜಾಗಕ್ಕೆ ತೆವಳಿಕೊಂಡು ಬಂದದ್ದು ಬೇಡ. ಸರಾಗವಾಗಿ ಎಳೆಯುವವರಿಗೆ ನೂರು ಗೆರೆಯ ನಂತರ ಗುರಿ ತಾನಾಗಿ ಹತ್ತಿರ ಬರುತ್ತದೆ. ತೆವಳುವವರು ನೂರು ಎಳೆದರೆ ತೆವಳುವ ಚಟವೇ ಗಟ್ಟಿಯಾಗುತ್ತದೆ.

ಇನ್ನು ಕೈ ಎಲ್ಲಿಂದ ಆಡಬೇಕು ಅನ್ನುವುದು. ಅಕ್ಷರ ಬರೆಯುವಾಗ ನಮ್ಮ ಬೆರಳು, ಮಣಿಕಟ್ಟು ಮಾತ್ರ ಆಡುತ್ತವೆ. ಮಣಿಕಟ್ಟನ್ನು ಹಾಳೆಗೆ ಊರಿದರೆ ಪೆನ್ನು ಅದರ ಸುತ್ತ ತಿರುಗುತ್ತದೆ. ನೇರ ಗೆರೆ ಬಿಲ್ಲಿನ ಹಾಗೆ ಬಾಗುವುದು ಅದರಿಂದಲೇ. ಉದ್ದ ಗೆರೆಗೆ ಮಣಿಕಟ್ಟನ್ನು ಆಡಿಸದೆ ಭುಜದಿಂದ ಕೈ ಸಾಗಿಸಿ. ಮೊದಮೊದಲು ಒರಟಾಗಿ ಬರುತ್ತದೆ, ಭುಜಕ್ಕೆ ಈ ಕೆಲಸ ಹೊಸದು. ಕಣ್ಣಿನ ರೆಪ್ಪೆಯಂಥ ಸಣ್ಣ ವಿವರಕ್ಕೆ ಮಣಿಕಟ್ಟೇ ಸರಿ. ಹಾಳೆಯನ್ನು ಬೇಕಾದ ಹಾಗೆ ತಿರುಗಿಸಿಕೊಳ್ಳಿ. ಯಾಕೋ ಏನೋ, ಹಾಳೆಯನ್ನು ಮೇಜಿಗೆ ಅಂಟಿಸಿದ್ದಾರೆ ಅನ್ನೋ ಹಾಗೆ ಜನ ಮೈಯನ್ನೇ ತಿರುಗಿಸುತ್ತಾರೆ.

ಇಟಲಿಯ ಚಿತ್ರಕಾರ ಜೊತ್ತೊ ಬಗ್ಗೆ 16ನೇ ಶತಮಾನದಲ್ಲಿ ವಸಾರಿ ಎಂಬ, ಕಲಾವಿದರ ಜೀವನ ಚರಿತ್ರೆ ಬರೆದವನು ಬರೆದಿಟ್ಟ ಒಂದು ಕಥೆ ಇದೆ. ಪೋಪ್ ಕಳಿಸಿದವನು ಬಂದು ಕೈಚಳಕದ ಮಾದರಿ ಕೇಳಿದನಂತೆ. ಜೊತ್ತೊ ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿ, ಒಂದೇ ಸುತ್ತಿಗೆ ಪೂರ್ಣ ವೃತ್ತ ಬಿಡಿಸಿ ಕೊಟ್ಟನಂತೆ. ಕಥೆ ನಿಜವೋ ಸುಳ್ಳೋ, ಅದರಲ್ಲಿನ ಒಂದು ವಿವರ ನನಗೆ ಬಹಳ ಹಿಡಿಸಿದೆ. ತೋಳನ್ನು ಪಕ್ಕೆಗೆ ಒತ್ತಿ ಹಿಡಿದು ಕೈಯನ್ನೇ ಕೈವಾರ ಮಾಡಿಕೊಂಡನಂತೆ. ಯಾವ ಕೀಲು ಆಡಬೇಕು, ಯಾವುದು ಆಡಬಾರದು ಅಂತ ಬಣ್ಣ ತಾಗಿಸುವ ಮೊದಲೇ ಅವನು ತೀರ್ಮಾನಿಸಿಬಿಟ್ಟಿದ್ದ.

ಗೆರೆ ಒಂದಿಷ್ಟು ಹಿಡಿತಕ್ಕೆ ಬಂದಮೇಲೆ ಲೋಟ ಬಿಡಿಸಿ. ಲೋಟದ ಬಾಯಿ ಒಂದು ವೃತ್ತ. ವೃತ್ತವನ್ನು ಓರೆಯಾಗಿ ನೋಡಿದರೆ ಮೊಟ್ಟೆಯಂತೆ ಚಪ್ಪಟೆಯಾಗಿ ಕಾಣುತ್ತದೆ. ಆದರೆ ಮೊಟ್ಟೆಗಿರುವ ಚೂಪು ತುದಿ ಇದಕ್ಕಿಲ್ಲ. ಹೆಚ್ಚಿನವರು ಎರಡು ತುದಿಯನ್ನೂ ಎಲೆಯ ಹಾಗೆ ಚೂಪು ಮಾಡಿಬಿಡುತ್ತಾರೆ. ಕೈ ನಿಲ್ಲಿಸದೆ ಎರಡು ಸುತ್ತು ಹಾಕಿ, ಚೂಪು ಹೋಗುತ್ತದೆ. ಇದೊಂದಕ್ಕೆ ಮಾತ್ರ ಗೆರೆಯ ಮೇಲೆ ಗೆರೆ ಬಿದ್ದರೂ ಪರವಾಗಿಲ್ಲ. ಇನ್ನೊಂದು ತಪ್ಪು ಲೋಟದ ತಳದ್ದು. ಮೇಜಿನ ಮೇಲೆ ಸಮವಾಗಿ ಕೂತಿದೆಯಲ್ಲ ಅಂತ ತಳಕ್ಕೆ ನೇರ ಗೆರೆ ಎಳೆಯುತ್ತಾರೆ. ಒಂದು ಗಾಜಿನ ಲೋಟ ಎದುರಿಗಿಟ್ಟುಕೊಂಡು ನೋಡಿ. ಬಾಯಿ ಕಣ್ಣಿನ ಮಟ್ಟಕ್ಕೆ ಬಂದಾಗ ಬರೀ ಒಂದು ಗೀಟಾಗುತ್ತದೆ. ಲೋಟ ಕೆಳಗಿಳಿದಷ್ಟೂ ಅಗಲವಾಗಿ ತೆರೆದುಕೊಳ್ಳುತ್ತದೆ. ತಳ ಕಣ್ಣಿಗಿಂತ ಇನ್ನೂ ಕೆಳಗಿರುವುದರಿಂದ ಅದರ ಸುತ್ತು ಬಾಯಿಗಿಂತಲೂ ಹೆಚ್ಚು ದುಂಡಗಿರುತ್ತದೆ.

ಫ್ರಾನ್ಸಿನ ಚಿತ್ರಕಾರ ಸೆಜಾನ್ 1904ರಲ್ಲಿ ಕಿರಿಯ ಚಿತ್ರಕಾರ ಎಮಿಲ್ ಬರ್ನಾರ್ಡ್‌ಗೆ ಬರೆದ ಪತ್ರದಲ್ಲಿ ಪ್ರಕೃತಿಯನ್ನು ಸಿಲಿಂಡರ್, ಗೋಳ, ಶಂಕುಗಳ ಮೂಲಕ ನೋಡಲು ಹೇಳುತ್ತಾನೆ. ಪಟ್ಟಿಯಲ್ಲಿ ಪೆಟ್ಟಿಗೆ ಇಲ್ಲ. ನನ್ನ ಪಟ್ಟಿಯಲ್ಲಿ ಅದೇ ಮೊದಲು, ಯಾಕೆಂದರೆ ತಪ್ಪನ್ನು ಅಷ್ಟು ಸಲೀಸಾಗಿ ತೋರಿಸಿಕೊಡುವ ಆಕಾರ ಇನ್ನೊಂದಿಲ್ಲ. ಒಂದು ಪುಟದ ತುಂಬ ಬೇರೆ ಬೇರೆ ಕಡೆ ತಿರುಗಿದ ಪೆಟ್ಟಿಗೆ ಬಿಡಿಸಿ. ಆಮೇಲೆ ಬೇರೆ ಬಣ್ಣದ ಪೆನ್ನು ತೆಗೆದುಕೊಂಡು, ನಮ್ಮಿಂದ ದೂರ ಹೋಗುವ ಅಂಚುಗಳನ್ನು ಹಿಂದಕ್ಕೆ ಉದ್ದ ಮಾಡಿ. ಒಂದೇ ದಿಕ್ಕಿಗೆ ಹೋಗುವ ಅಂಚುಗಳು ದೂರ ಹೋದಂತೆ ಹತ್ತಿರ ಸೇರುತ್ತಾ ಬರಬೇಕು. ದೂರ ಹೋದಂತೆ ಅಗಲವಾದರೆ ಎಡವಿದ್ದು ಎಲ್ಲಿ ಅಂತ ಅಲ್ಲೇ ಗೊತ್ತಾಗುತ್ತದೆ, ಮೇಷ್ಟರು ಬೇಕಾಗಿಲ್ಲ.

ದಿನಕ್ಕೆ 15 ನಿಮಿಷ ಇದಕ್ಕೆ ಕೊಟ್ಟರೆ ಸಾಕು. ಬರೀ ಗೆರೆ, ಪೆಟ್ಟಿಗೆ ಅಂತ ಕೂತು ಬೇಜಾರಾಗಿ ಚಿತ್ರವನ್ನೇ ಬಿಟ್ಟವರನ್ನು ನೋಡಿದ್ದೇನೆ. ಮಿಕ್ಕ ಸಮಯದಲ್ಲಿ ಬೆಕ್ಕೋ, ರೋಬೋಟೋ, ಮನಸ್ಸಿಗೆ ಬಂದದ್ದು ಬಿಡಿಸಿ. ಆಗ ರಬ್ಬರ್ ಬೇಕಿದ್ದರೆ ತೆಗೆದುಕೊಳ್ಳಿ, ನಾನೇನೂ ನೋಡೋದಿಲ್ಲ.