ಅಪ್‌ರೈಟ್ ಬೇಸ್‌ಗೆ ಮನೆಯಲ್ಲೇ ಪಿಕಪ್: ಸುತ್ತಿಗಿಂತ ಜಾಗ ಮುಖ್ಯ

ಪಿಕಪ್ ಅಂದರೆ ಮ್ಯಾಗ್ನೆಟ್ ಮತ್ತು ವೈರ್ ಸುತ್ತಿನಿಂದ ತಂತಿಯ ಅಲುಗಾಟವನ್ನು ಆಂಪ್‌ಗೆ ಹೋಗುವ ವಿದ್ಯುತ್ ಆಗಿಸುವ ಸಾಧನ. ಅಪ್‌ರೈಟ್ ಬೇಸ್ ಅಂದರೆ ನಿಲ್ಲಿಸಿ ನುಡಿಸುವ, ಪಿಟೀಲಿನ ಜಾತಿಯ ದೊಡ್ಡ ವಾದ್ಯ, ತಂತಿ ನಾಲ್ಕು: ಇ, ಎ, ಡಿ, ಜಿ. ಗಿಟಾರ್‌ನಿಂದ ಬಿಚ್ಚಿದ ಪಿಕಪ್ ಒಂದನ್ನು ಅಪ್‌ರೈಟ್ ಬೇಸ್‌ನ ತಂತಿಗಳ ಕೆಳಗೆ ಅಂಟಿಸಿ, "ಸದ್ದೇನೋ ಬರುತ್ತೆ, ಆದರೆ ಯಾಕೋ ಸರಿಯಿಲ್ಲ" ಅನ್ನುತ್ತಾ ನನ್ನ ಹತ್ತಿರ ಬರುವವರು ಬಹಳ ಜನ. ಸರಿ ಇರೋದಿಲ್ಲ, ಬಿಡಿ. ಗಿಟಾರ್ ಪಿಕಪ್ ಚಪ್ಪಟೆ, ಬೇಸ್‌ನ ತಂತಿಗಳು ಕಮಾನಿನ ಹಾಗೆ ಬಾಗಿದ ಸಾಲಿನಲ್ಲಿರುತ್ತವೆ. ನಡುವಿನ ಎ ಮತ್ತು ಡಿ ತಂತಿ ಪಿಕಪ್‌ನಿಂದ ದೂರ ಉಳಿಯುತ್ತವೆ, ಅಂಚಿನ ಎರಡು ಮಾತ್ರ ಜೋರಾಗಿ ಕೇಳುತ್ತವೆ.

ಮನೆಯಲ್ಲಿ ಮಾಡಲು ಹೊರಟವರು ಎಷ್ಟು ಸಾವಿರ ಸುತ್ತು, ಯಾವ ಮ್ಯಾಗ್ನೆಟ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಎರಡನೇ ಮಾತು. ತಂತಿಯ ಕೆಳಗೆ ಪೋಲ್ (ವೈರ್ ಸುತ್ತಿನ ನಡುವೆ ತಂತಿಯ ಕಡೆ ಮುಖ ಮಾಡಿದ ಮ್ಯಾಗ್ನೆಟ್ ಅಥವಾ ಕಬ್ಬಿಣದ ತುದಿ) ಎಲ್ಲಿ ನಿಂತಿದೆ, ಎಷ್ಟು ದೂರದಲ್ಲಿದೆ ಅನ್ನೋದೇ ಮೊದಲನೆಯದು.

ಅದಕ್ಕೂ ಮೊದಲು ಒಂದು ಚಿಕ್ಕ ಪರೀಕ್ಷೆ. ಒಂದು ಪುಟ್ಟ ಮ್ಯಾಗ್ನೆಟ್ ತೆಗೆದುಕೊಂಡು ಪ್ರತಿ ತಂತಿಗೂ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಒಳಗೆ ಉಕ್ಕಿದೆ, ಮುಂದುವರಿಯಬಹುದು. ಕರುಳಿನ ತಂತಿ, ನೈಲಾನ್ ತಂತಿಗೆ ಈ ಪಿಕಪ್ ಕೆಲಸವೇ ಮಾಡುವುದಿಲ್ಲ. ಒಳಗೆ ಸಿಂಥೆಟಿಕ್, ಮೇಲೆ ಉಕ್ಕಿನ ಸುತ್ತು ಇರುವ ತಂತಿಗಳಲ್ಲಿ ಸ್ವಲ್ಪ ಸದ್ದು ಬರಬಹುದು, ಆದರೆ ನಾಲ್ಕೂ ಸಮವಾಗಿ ಬರೋದು ಕಷ್ಟ.

ನಾನು ಹೇಳುವ ದಾರಿ ಇದು: ತಂತಿಗೊಂದರಂತೆ ನಾಲ್ಕು ಪುಟ್ಟ ಕಾಯಿಲ್, ಅಂದರೆ ವೈರ್ ಸುರುಳಿ. ಫಿಂಗರ್‌ಬೋರ್ಡ್ (ಬೆರಳಿನಿಂದ ತಂತಿ ಒತ್ತುವ ಉದ್ದನೆಯ ಪಟ್ಟಿ) ಮುಗಿಯುವ ಕಡೆ ತಂತಿಗಳ ನಡುವಿನ ಅಂತರ ಅಳೆದುಕೊಳ್ಳಿ. ಸಾಮಾನ್ಯವಾಗಿ 20 ಮಿ.ಮೀ.ಗಿಂತ ಜಾಸ್ತಿ ಇರುತ್ತದೆ, ಹಾಗಾಗಿ 18 ಮಿ.ಮೀ. ಅಗಲದ ಬಾಬಿನ್ (ವೈರ್ ಸುತ್ತುವ ಉರುಳೆ) ಆರಾಮಾಗಿ ಕೂರುತ್ತದೆ. ಕಾಯಿಲ್‌ಗಳನ್ನು ಬಾಗಿದ ಮರದ ತುಂಡಿನ ಮೇಲೆ ಕೂರಿಸಿದರೆ ನಾಲ್ಕು ತಂತಿಗೂ ಒಂದೇ ದೂರ ಸಿಗುತ್ತದೆ. ಬಾಗು ಎಷ್ಟಿರಬೇಕು ಅಂತ ಲೆಕ್ಕ ಹಾಕಬೇಡಿ, ರಟ್ಟಿನ ತುಂಡೊಂದನ್ನು ತಂತಿಗಳ ಕೆಳಗೆ ಹಿಡಿದು ಪೆನ್ಸಿಲ್‌ನಲ್ಲಿ ಗುರುತು ಮಾಡಿ.

ಈಗ ಮುಖ್ಯ ವಿಷಯ. ಅಪ್‌ರೈಟ್ ಬೇಸ್‌ನಲ್ಲಿ ಬೆರಳು ತಂತಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಪಿಟೀಲಿನ ಹಾಗೆ ಕಮಾನು (ಬೋ) ಹಿಡಿದು ಉಜ್ಜಿದರೆ ಇನ್ನೂ ಜಾಸ್ತಿ, ತಂತಿ ಹೆಚ್ಚುಕಮ್ಮಿ ಎಡಕ್ಕೂ ಬಲಕ್ಕೂ ಮಾತ್ರ ಆಡುತ್ತದೆ. ಆದರೆ ಪಿಕಪ್‌ಗೆ ಬೇಕಾಗಿರೋದು ಹತ್ತಿರ ಬರೋದು, ದೂರ ಹೋಗೋದು. ಪೋಲ್ ತಂತಿಯ ನೇರ ಕೆಳಗಿದೆ ಅಂತಿಟ್ಟುಕೊಳ್ಳಿ. ತಂತಿ ಎಡಕ್ಕೆ ಹೋದಾಗ ದೂರವಾಯಿತು, ನಡುವೆ ಬಂದಾಗ ಹತ್ತಿರ, ಬಲಕ್ಕೆ ಹೋದಾಗ ಮತ್ತೆ ದೂರ. ತಂತಿ ಒಂದು ಸಲ ಆಡಿದರೆ ಪಿಕಪ್‌ಗೆ ಎರಡು ಸಲ ಆಡಿದ ಹಾಗೆ. ಬೆರಳಿಡದೆ ನುಡಿಸಿದ ಇ ತಂತಿ ಸುಮಾರು 41 ಹರ್ಟ್ಜ್ (ಸೆಕೆಂಡಿಗೆ 41 ಸಲ ಆಡುತ್ತದೆ), ಆಂಪ್‌ಗೆ ಹೋಗುವ ಸದ್ದಿನಲ್ಲಿ 82 ಹರ್ಟ್ಜ್ ಎದ್ದು ಕಾಣುತ್ತದೆ. "ಕಮಾನಿನಲ್ಲಿ ನುಡಿಸಿದರೆ ಸ್ವರದ ಬುಡವೇ ಇಲ್ಲ" ಅಂತ ದೂರು ಬರೋದು ಹೀಗೆ. ಬೆರಳಲ್ಲಿ ಮೀಟಿದಾಗ ತಂತಿ ಮೇಲೆ ಕೆಳಗೂ ತಿರುಗುತ್ತದೆ, ಹಾಗಾಗಿ ಅಷ್ಟು ಗೊತ್ತಾಗುವುದಿಲ್ಲ.

ಪರಿಹಾರ ಸುಲಭ. ಪೋಲ್ ಅನ್ನು ತಂತಿಯ ನೇರ ಕೆಳಗಿಡದೆ 3–4 ಮಿ.ಮೀ. ಪಕ್ಕಕ್ಕೆ ಸರಿಸಿ. ಈಗ ತಂತಿ ಒಂದು ಕಡೆ ಹೋದರೆ ಪೋಲ್‌ಗೆ ಹತ್ತಿರ, ಇನ್ನೊಂದು ಕಡೆ ಹೋದರೆ ದೂರ. ಸ್ವರದ ಬುಡ ವಾಪಸ್ ಬರುತ್ತದೆ. ತೀರಾ ಸರಿಸಿದರೆ ಸದ್ದೇ ಇಳಿದುಹೋಗುತ್ತದೆ, ಅದಕ್ಕೇ ಮರದಲ್ಲಿ ರಂಧ್ರದ ಬದಲು ಉದ್ದನೆಯ ಸೀಳು ಕೊರೆದು, ಕಾಯಿಲ್ ಅತ್ತಿತ್ತ ಜಾರುವ ಹಾಗೆ ಮಾಡಿ, ನುಡಿಸುತ್ತಾ ಕೇಳುತ್ತಾ ಜಾಗ ಹುಡುಕಿ. ನಾಲ್ಕನ್ನೂ ಒಂದೇ ಕಡೆಗೆ ಸರಿಸಿ, ಆಗ ಕಾಯಿಲ್‌ಗಳ ನಡುವಿನ ಅಂತರ ಕೆಡುವುದಿಲ್ಲ.

ಇನ್ನು ಸುತ್ತೋದು. 42 ಗೇಜ್ ಎನಾಮೆಲ್ ವೈರ್ ಸಾಕು. ಅದರ ತಾಮ್ರ 0.063 ಮಿ.ಮೀ., ತಲೆಕೂದಲಿನಷ್ಟು ತೆಳು, ಜೋರಾಗಿ ಎಳೆದರೆ ಕಿತ್ತುಹೋಗುತ್ತದೆ. ಶುರುವಿನ ತುದಿಯನ್ನು ಮೊದಲೇ ದಪ್ಪ ವೈರ್‌ಗೆ ಬೆಸೆದುಕೊಳ್ಳಿ. ಸುತ್ತು ಎಣಿಸಲು ಹಳೇ ಕ್ಯಾಲ್ಕುಲೇಟರ್ ಚೆನ್ನಾಗಿ ಕೆಲಸಕ್ಕೆ ಬರುತ್ತದೆ: ಸಮ ಚಿಹ್ನೆಯ ಬಟನ್‌ನ ಎರಡು ತುದಿಗೆ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದಾಗ ತಾನೇ ಕೂಡಿಕೊಳ್ಳುವ ಸ್ವಿಚ್) ಬೆಸೆದು, ತಿರುಗುವ ಡ್ರಿಲ್‌ನ ತಲೆಗೆ ಪುಟ್ಟ ಮ್ಯಾಗ್ನೆಟ್ ಅಂಟಿಸಿ, 1 + 1 ಒತ್ತಿ ಬಿಟ್ಟರೆ ಪ್ರತಿ ಸುತ್ತಿಗೂ ಒಂದೊಂದು ಕೂಡುತ್ತಾ ಹೋಗುತ್ತದೆ. ಕಾಯಿಲ್‌ಗೆ 5,000 ಸುತ್ತು ಹಾಕಿ. ಮಲ್ಟಿಮೀಟರ್‌ನಲ್ಲಿ ಒಂದೊಂದು ಸುಮಾರು 800 ಓಮ್ ತೋರಿಸಬಹುದು, ನಾಲ್ಕನ್ನೂ ಸರಣಿಯಲ್ಲಿ ಜೋಡಿಸಿದರೆ 3 ಕಿಲೋ ಓಮ್ ಚಿಲ್ಲರೆ. ಎಲೆಕ್ಟ್ರಿಕ್ ಬೇಸ್‌ನ ಪಿಕಪ್ 7–8 ಕಿಲೋ ಓಮ್ ಇರುತ್ತಲ್ವಾ ಅಂತ ಗಾಬರಿ ಬೇಡ. ಪುಟ್ಟ ಬಾಬಿನ್‌ನಲ್ಲಿ ಒಂದೊಂದು ಸುತ್ತಿಗೂ ಕಡಿಮೆ ವೈರ್ ಹಿಡಿಯುತ್ತದೆ, ಅಷ್ಟೇ. ಓಮ್ ನೋಡಿ ಸದ್ದು ಅಳೆಯೋಕೆ ಆಗಲ್ಲ.

ಗುಂಯ್ ಅನ್ನುವ ಹಮ್ ತಡೆಯಲು ಇ, ಎ ಕಾಯಿಲ್‌ಗಳ ಮ್ಯಾಗ್ನೆಟ್‌ನ ಉತ್ತರ ಮೇಲಿರಲಿ, ಡಿ, ಜಿ ಕಾಯಿಲ್‌ಗಳಲ್ಲಿ ದಕ್ಷಿಣ ಮೇಲಿರಲಿ. ಜೊತೆಗೆ ಡಿ, ಜಿ ಕಾಯಿಲ್‌ಗಳ ತುದಿಗಳನ್ನು ಉಲ್ಟಾ ಜೋಡಿಸಿ. ಮ್ಯಾಗ್ನೆಟ್ ಯಾವ ಕಡೆ ಅಂತ ದಿಕ್ಸೂಚಿ ಹೇಳುತ್ತದೆ. ಆಂಪ್‌ನ ಹತ್ತಿರ ಹಿಡಿದಾಗ ಹಮ್ ಕಮ್ಮಿಯಾಗುವ ಬದಲು ಏರಿದರೆ ಒಂದು ಜೋಡಿಯ ವೈರ್ ಅದಲುಬದಲಾಗಿದೆ ಅಂತ ಅರ್ಥ.

ಸುತ್ತು ಅಲುಗಾಡದಿರಲು ಮೇಣದಲ್ಲಿ ಅದ್ದುತ್ತಾರೆ. ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡವೇ ಬೇಡ. ಬಾಬಿನ್ ಅನ್ನು 3ಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನಿಂದ ತೆಗೆದಿದ್ದರೆ ಹುಷಾರು: ಮೇಣ ಕರಗುವ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅದೂ ಮೆತ್ತಗಾಗಿ ಸೊಟ್ಟಗಾಗುತ್ತದೆ. ಆಗ ತೆಳುವಾದ ವಾರ್ನಿಷ್ ವಾಸಿ.

ನಿಯೋಡೈಮಿಯಂ ಮ್ಯಾಗ್ನೆಟ್ ಸುಲಭಕ್ಕೆ ಸಿಗುತ್ತೆ ಅಂತ ಎಲ್ಲರೂ ಅದನ್ನೇ ಹಾಕುತ್ತಾರೆ. ಹಾಕಿ, ಆದರೆ ಚಿಕ್ಕದು ಹಾಕಿ, ಕಾಯಿಲ್‌ನ ಬುಡದಲ್ಲಿಟ್ಟು ಮೇಲೆ ಕಬ್ಬಿಣದ ಸ್ಕ್ರೂ ಒಂದನ್ನೇ ಪೋಲ್ ಮಾಡಿ. ಆ ಸ್ಕ್ರೂ ತಿರುಗಿಸಿ ಒಂದೊಂದು ತಂತಿಯ ಸದ್ದನ್ನೂ ಸಮ ಮಾಡಬಹುದು. ಮ್ಯಾಗ್ನೆಟ್ ಜೋರಾಗಿದ್ದು ತೀರಾ ಹತ್ತಿರವಿದ್ದರೆ ತಂತಿಯನ್ನೇ ಎಳೆಯುತ್ತದೆ, ಶ್ರುತಿ ಅಲೆದಾಡುತ್ತದೆ. ತಂತಿಯನ್ನು ಫಿಂಗರ್‌ಬೋರ್ಡ್‌ನ ಕೊನೆಯಲ್ಲಿ ಒತ್ತಿ ಹಿಡಿದಾಗಲೂ ಪೋಲ್‌ಗೆ 3–4 ಮಿ.ಮೀ. ಉಳಿಯಲಿ.

ಸುತ್ತಲೂ ತಾಮ್ರದ ಹಾಳೆ ಅಂಟಿಸಿ ಅರ್ಥ್‌ಗೆ ಬೆಸೆಯಿರಿ, 500 ಕಿಲೋ ಓಮ್ ವಾಲ್ಯೂಮ್ ಪಾಟ್ (ಸದ್ದು ಏರಿಸಿ ಇಳಿಸುವ ತಿರುಪು) ಹಾಕಿ, ವಾದ್ಯದ ಹೊಟ್ಟೆಗೆ ತಾಗದ ಹಾಗೆ ಫಿಂಗರ್‌ಬೋರ್ಡ್‌ನ ತುದಿಗೆ ಕಟ್ಟಿ. ಫೀಡ್‌ಬ್ಯಾಕ್ ಕಮ್ಮಿ, ಪೀಜೋ (ಮರದ ಅದುರುವಿಕೆಯನ್ನು ಹಿಡಿಯುವ ಇನ್ನೊಂದು ಬಗೆಯ ಪಿಕಪ್) ಕೊಡುವ ಮರದ ಸದ್ದೂ ಕಮ್ಮಿ. ಸ್ಲ್ಯಾಪ್, ಅಂದರೆ ತಂತಿ ಎಳೆದು ಬಿಟ್ಟು ಬಡಿಸುವ ಶೈಲಿಯಲ್ಲಿ ನುಡಿಸುವವರಿಗೆ ಫಿಂಗರ್‌ಬೋರ್ಡ್‌ಗೆ ತಂತಿ ಬಡಿಯುವ ಆ ಟಕ್ ಬೇಕೇ ಬೇಕು, ಹಾಗಾಗಿ ಬ್ರಿಜ್‌ನಲ್ಲಿ (ತಂತಿಗಳನ್ನು ಹೊತ್ತ ಮರದ ಕುದುರೆ) ಪೀಜೋ ಇದ್ದರೆ ತೆಗೆಯಬೇಡಿ, ಎರಡನ್ನೂ ಬೆರೆಸಿ. ಬೆರೆಸಿದಾಗ ಸದ್ದು ದಪ್ಪವಾಗುವ ಬದಲು ಪೀಚಾದರೆ ಎರಡೂ ಒಂದನ್ನೊಂದು ಕಡಿಯುತ್ತಿವೆ. ನಿಮ್ಮ ಪಿಕಪ್‌ನ ಎರಡು ತುದಿಗಳನ್ನು ಅದಲುಬದಲು ಮಾಡಿ, ತಾಮ್ರದ ಹಾಳೆಯನ್ನು ಮಾತ್ರ ಅರ್ಥ್ ಕಡೆಯಲ್ಲೇ ಬಿಡಿ.